ನೂರಾ ಎಂಬತ್ತೆರಡು

ಅವನ ಕ್ಯಾಲೆಂಡರಿನಲ್ಲಿ ಹಬ್ಬವಿರಲಿಲ್ಲ, ಸಂತರ ಹೆಸರಿರಲಿಲ್ಲ.
ಬರೀ ಅಂಕಿ, ಒಂದರಿಂದ ನೂರಾ ಎಂಬತ್ತೆರಡರ ತನಕ.
ಅಲ್ಲೊಂದು ಕೆಂಪು ಗೆರೆ. ಆಚೆಗೆ
ನನ್ನಣ್ಣ ಹೊಡೆದ ಮೊಳೆ, ಖಾಲಿ ಗೋಡೆ.

ತಾದಾಸ್ ಅವನ ಹೆಸರು. ಊರು ವಿಲ್ನಿಯಸ್.
ಕೆಲಸ ಟೊರಾಂಟೊದಲ್ಲಿ, ಮೈ ಮಾತ್ರ ಟಿಬಿಲಿಸಿಯಲ್ಲಿ,
ನನ್ನ ಮನೆಯ ಎರಡನೇ ಮಹಡಿಯ ಹಿಂದಿನ ಕೋಣೆಯಲ್ಲಿ.
ಸಂಜೆ ನಾನು ಒಲೆಯ ಮೇಲೆ ಬೀನ್ಸ್ ಬೇಯಲಿಟ್ಟಾಗ
ಗೋಡೆಯಾಚೆ "ಗುಡ್ ಮಾರ್ನಿಂಗ್" ಅನ್ನುತ್ತಿದ್ದ, ಯಾರಿಗೋ.
ಮೊದಮೊದಲು ನನಗೇ ಇರಬೇಕೆಂದು
ನಾನೂ ಅಂದದ್ದುಂಟು.

ಹರಕು ರಷ್ಯನ್ನಿನಲ್ಲಿ ಬಿಡಿಸಿ ಹೇಳಿದ ಒಮ್ಮೆ:
"ನಾನುಲಿ ಚಿಕ್ಕಮ್ಮ, ನಿಮ್ಮ ಗಡಿಯವರು ದೊಡ್ಡ ಮನಸ್ಸಿನವರು,
ವೀಸಾನೇ ಬೇಡ, ವರ್ಷವಿಡೀ ಇರು ಅಂತಾರೆ.
ತೆರಿಗೆಯವರು ಹಾಗಲ್ಲ.
ನೂರಾ ಎಂಬತ್ತಮೂರನೇ ದಿನವೂ ಇಲ್ಲೇ ಇದ್ದೆನೋ,
ಅವರ ಪುಸ್ತಕದಲ್ಲಿ ನಾನು ಇಲ್ಲಿಯವನೇ ಆಗಿಬಿಡ್ತೀನಿ."
ಆಗು, ಅಂದೆ. ಆದರೆ ಏನೀಗ?
ಅವನು ಉಗುರು ಕಚ್ಚಿದ.

ಬಂದ ದಿನ ಲೆಕ್ಕವಾ? ಹೋಗುವ ದಿನ ಲೆಕ್ಕವಾ?
ಕಚೇರಿಯ ಕಿಂಡಿಯ ಮುಂದೆ ನನ್ನನ್ನೇ ದುಭಾಷಿ ಮಾಡಿ ಕೇಳಿಸಿದ.
ಕಿಂಡಿಯ ಹುಡುಗಿ ತಲೆಯೆತ್ತಲಿಲ್ಲ:
"ಒಂದು ಗಳಿಗೆ ಇದ್ದರೂ ಇದ್ದ ಹಾಗೇ."
ಬಂದ ದಿನ ಅವನಿಗೆ ಜ್ವರ. ಊರನ್ನು ಕಣ್ಣೆತ್ತಿ ನೋಡಿರಲಿಲ್ಲ,
ನಾನು ಕೊಟ್ಟ ಸಾರು ಕುಡಿದು ಮಲಗಿದ್ದ.
ಅದೂ ಲೆಕ್ಕ.

ಅಣ್ಣನ ಲೆಕ್ಕ ಬೇರೆ. ಎಲ್ಲಿಗೂ ಹೋದವನಲ್ಲ.
ಇದೇ ಕೋಣೆಯಲ್ಲಿ ಮಲಗಿದ್ದ, ಎದ್ದರೆ ಬೇರೆ ದೇಶ.
ಹತ್ತೊಂಬತ್ತು ವರ್ಷ ಬ್ಯಾಂಕಿಗೆ ಕಟ್ಟಿದ್ದು
ಹೊಳೆಯಲ್ಲಿ ತೊಳೆದ ಹುಣಸೆ.
ಪಾಸ್‌ಬುಕ್ಕು ಇನ್ನೂ ಇದೆ, ಅಲುಗಾಡುವ ಮೇಜಿನ ಕಾಲಡಿ.

ತಾದಾಸನದೂ ಒಂದು ಪಟ್ಟಿ ಇತ್ತು, ಕಂಪ್ಯೂಟರಿನಲ್ಲಿ:
ರೊಟ್ಟಿ, ಆಕ್ರೋಟು, ಮೆಟ್ರೋ, ಗ್ಯಾಸು, ಕ್ಷೌರ.
ಬಾಡಿಗೆಯ ಎದುರು ಒಂದೇ ಪದ. ಏನದು, ಅಂದೆ.
"ಅಗ್ಗ."

ಅಗ್ಗ.
ಆ ಕೋಣೆಯಲ್ಲಿ ಮನಾನಾ ಹನ್ನೊಂದು ವರ್ಷ ಇದ್ದಳು,
ಶಾಲೆಯಲ್ಲಿ ಸಂಗೀತದ ಟೀಚರು.
ಅವಳು ಕೊಡುತ್ತಿದ್ದುದು ಇವನು ಕೊಟ್ಟದ್ದರ ಮೂರನೇ ಒಂದು ಪಾಲು,
ಜೊತೆಗೆ ನನ್ನ ಮೊಮ್ಮಗನಿಗೆ ಬಿಟ್ಟಿ ಪಾಠ.
ಬೀದಿಯಲ್ಲಿ ಎಲ್ಲರೂ ಏರಿಸಿದರು, ನಾನೂ ಏರಿಸಿದೆ.
ಎಲ್ಲರೂ ಅಂದೆನಲ್ಲ, ಸುಳ್ಳು. ಕೆಳಮನೆಯ ಗಿವಿ ಏರಿಸಲಿಲ್ಲ.
ಪಿಯಾನೋ ಇಳಿಸಲು ನಾಲ್ವರು ಬಂದರು,
ಮೆಟ್ಟಿಲ ತಿರುವಿನಲ್ಲಿ ಅದರ ಮೂಲೆ ಗೋಡೆಗೆ ಉಜ್ಜಿ
ಮೊಳದುದ್ದ ಗೀರಾಯಿತು.
ಅವಳು ರುಸ್ತಾವಿಗೆ ಹೋದಳು. ಶಾಲೆ ಇಲ್ಲೇ.
ದಿನಕ್ಕೆರಡು ಬಸ್ಸು. ಅವಳ ದಿನಗಳನ್ನು
ಯಾವ ಕಿಂಡಿಯವಳೂ ಎಣಿಸುವುದಿಲ್ಲ.

ನೂರಾ ಎಂಬತ್ತೆರಡರ ಬೆಳಿಗ್ಗೆ ತಾದಾಸ್ ಯೆರೆವಾನಿನ ವ್ಯಾನು ಹತ್ತಿದ.
ಇನ್ನು ಐದು ದಿನಕ್ಕೆ ಹಳ್ಳಿಯಿಂದ ಹೊಸ ವೈನು ಬರುವುದಿತ್ತು.
ಇದ್ದು ಹೋಗೋ, ಅಂದಿದ್ದೆ. ಬೆರಳು ಮಡಿಸಿ ಎಣಿಸಿದ,
ಪಾಪ, ನಿಜವಾಗಲೂ ಎಣಿಸಿದ.
ನನ್ನ ಕೈಗೆ ಮುತ್ತಿಟ್ಟು ಹೊರಟ. ಬಿಟ್ಟುಹೋದದ್ದು
ಅರ್ಧ ಡಬ್ಬಿ ಆಕ್ರೋಟು, ಒಂದು ಪ್ಲಗ್ಗು, ಕ್ಯಾಲೆಂಡರು.

ಗ್ಯಾಸಿನ ಬಿಲ್ಲು ಬಂದ ಸಂಜೆ ಮನಾನಾಗೆ ಫೋನು ಮಾಡಿದೆ.
ಕೋಣೆ ಖಾಲಿ ಇದೆ, ಅಂದೆ.
"ಎಷ್ಟು?"
ಹಳೆಯ ಅಂಕಿ ನಾಲಿಗೆಯ ತುದಿಗೆ ಬಂದಿತ್ತು.
ಬಿಲ್ಲು ಕೈಯಲ್ಲಿತ್ತು. ನಾನು ಹೇಳಿದ್ದು
ಅದಲ್ಲ, ತಾದಾಸನದೂ ಅಲ್ಲ, ನಡುವಿನ ಯಾವುದೋ.
ಅವಳು ತುಸು ಹೊತ್ತು ಸುಮ್ಮನಿದ್ದಳು. ಬಸ್ಸಿನ ಸದ್ದು.
ಆಮೇಲೆ ಕೇಳಿದಳು:
ಮೆಟ್ಟಿಲ ಗೀರಿಗೆ ಸುಣ್ಣ ಹೊಡೆಸಿದಿರಾ?

ಇಲ್ಲ, ಅಂದೆ.